ಟಾಕಿಗೆ ಕಟ್ಟಿದ ತೋರಣ

ತುಕಾರಾಮನಿಗೆ ಕಾಗೆಗಳ ಮೇಲಿನ ಸಿಟ್ಟು ಹೊಸದಲ್ಲ. ಮೂವತ್ತೊಂದು ವರ್ಷದಿಂದ ಅವನು ಪಂಚಾಯತಿಯ ವಾಟರ್‌ಮನ್. ಬೆಳಗಾದರೆ ಊರಿಗೆ ನೀರು ಬಿಡುವವನು. ಆ ಕೆಲಸದಲ್ಲಿ ಊರಿನ ಕಾಗೆಗಳು ಅವನನ್ನು ಸರಿಯಾಗಿ ಗೋಳುಹೊಯ್ದುಕೊಂಡಿದ್ದವು. ಆದರೂ ಒಂದು ದಿನ ಕಾಗೆಯ ಮುಂದೆ ಕೈಮುಗಿದು ಕೂಡುವ ಪ್ರಸಂಗ ಬಂದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ಕೂತಿದ್ದ. ಊರ ಹೊರಗಿನ ಸ್ಮಶಾನದಲ್ಲಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಬಂಧು ಬಳಗದ ಅರವತ್ತು ಮಂದಿಯ ನಡುವೆ, ಹೆಂಡತಿಯ ಬೂದಿಯ ಎದುರಿಗೆ. (ಊರಿನ ಹೆಸರು ಬೇಡ. ರಾಯಬಾಗ ಕಡೆಯದು ಎಂದರೆ ಸಾಕು. ಅಲ್ಲಿಯ ಟಾಕಿಯ, ಅಂದರೆ ಎತ್ತರದ ನೀರಿನ ತೊಟ್ಟಿಯ, ನೀರು ಕುಡಿದವರು ಇನ್ನೂ ಬದುಕಿದ್ದಾರೆ.)

ಆ ಕಡೆ ಸತ್ತ ಮೂರನೆಯ ದಿನ ರಕ್ಷಾವಿಸರ್ಜನೆ, ಅಂದರೆ ಬೂದಿ ಬಿಡುವ ಶಾಸ್ತ್ರ, ಮಾಡುತ್ತಾರೆ. ಸತ್ತವರಿಗೆ ಸೇರುತ್ತಿದ್ದ ಅಡುಗೆಯನ್ನೆಲ್ಲ ಬೂದಿಯ ಹತ್ತಿರ ಎಡೆ ಇಟ್ಟು, ಎಲ್ಲರೂ ದೂರ ಸರಿದು ಕೂಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಜೀವ ಸಮಾಧಾನದಿಂದ ಹೋಯಿತು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಇಲ್ಲವೇ ಯಾರೋ ನೋಯಿಸಿದ್ದಾರೆ ಎಂದು ಅರ್ಥ. ಆ ಯಾರೋ ಯಾರು ಎಂದು ಹುಡುಕಲು ಊರಿನಲ್ಲಿ ಜನಕ್ಕೆ ಬರವಿಲ್ಲ. ಸತ್ತವಳು ಹೆಂಡತಿಯಾದರೆ ಹುಡುಕುವ ಕಷ್ಟವೂ ಇಲ್ಲ, ಗಂಡ ಕಣ್ಣೆದುರಿಗೇ ಕೂತಿರುತ್ತಾನೆ.

ಶೇವಂತಾ ಸತ್ತದ್ದು ಒಲೆಯ ಮುಂದೆ. ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಪಡಸಾಲೆಗೆ ಬಂದಾಗ ತುಕಾರಾಮ ಕೂತಲ್ಲಿಂದಲೇ, "ಏನ ಸುಡಾಕತ್ತೀಬೇ ಅಲ್ಲಿ?" ಎಂದು ಒದರಿದ. ಉತ್ತರ ಬರಲಿಲ್ಲ ಎಂದು ಸಿಟ್ಟು ಮಾಡಿಕೊಂಡ. ಸಿಟ್ಟು ಮಾಡಿಕೊಂಡೇ ಒಳಗೆ ಹೋದ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಆಡಿದ ಕೊನೆಯ ಮಾತು ಅದು, ಅದೂ ಅವಳಿಗೆ ಕೇಳಿಸಿರಲಿಲ್ಲ.

ಅವಳಿಗೆ ಎರಡೇ ಹುಚ್ಚು: ಅಡುಗೆ ಮತ್ತು ಕ್ರೋಶಾ. ಅಡುಗೆ ಎಲ್ಲರೂ ಮಾಡುತ್ತಾರೆ. ಶೇವಂತಾ ಮಾತ್ರ ಅದನ್ನು ಉಳಿದವರು ಹಾಡು ಹೇಳುವಂತೆ ಮಾಡುತ್ತಿದ್ದಳು. ಯಾರೂ ಕೇಳದಿದ್ದರೂ ಮಾಡುತ್ತಿದ್ದಳು. ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಹೆಂಗಾಗೇತ್ರಿ?" ಎಂದು ಕೇಳುವಳು. ತುಕಾರಾಮ ತುತ್ತು ನುಂಗಿ, "ಉಪ್ಪ ಕಡಿಮಿ ಆತು" ಎನ್ನುವನು. ಉಪ್ಪು ಸರಿಯಿದ್ದರೂ ಎನ್ನುವನು. ಹೊಗಳಿದರೆ ಹೆಂಗಸರ ಕೈ ಸಡಿಲಾಗುತ್ತದೆ ಎಂಬುದು ಅವನಿಗೆ ತಂದೆಯಿಂದ ಬಂದ ಪಿತ್ರಾರ್ಜಿತ ವೇದಾಂತ. (ಹೊಲ ಬರಲಿಲ್ಲ, ಇದಾದರೂ ಬಂತು.) ಮರುದಿನ ಅವಳು ಮತ್ತೆ ಕೇಳುವಳು.

ಕ್ರೋಶಾದ್ದು ಬೇರೆ ಕಥೆ. ಒಂದು ಕೊಕ್ಕೆಯ ಸೂಜಿ, ಒಂದು ಉಂಡೆ ಉಲ್ಲನ್ ದಾರ ಸಿಕ್ಕರೆ ಮುಗಿಯಿತು, ಮನೆಯಲ್ಲಿ ಬರಿಮೈಯ ವಸ್ತು ಒಂದೂ ಉಳಿಯುತ್ತಿರಲಿಲ್ಲ. ಟೀವಿಗೆ ಸೆರಗು, ಮಿಕ್ಸರಿಗೆ ಲಂಗ, ಫ್ರಿಜ್ಜಿಗೆ ಕುಂಚಿಗೆ. ಗ್ಯಾಸ್ ಸಿಲಿಂಡರ್ ಮದುಮಗಳಂತೆ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಿತ್ತು. ಅಡುಗೆಮನೆಯ ಹನ್ನೊಂದು ಡಬ್ಬಿಗಳಿಗೂ ಶಾಲೆಯ ಮಕ್ಕಳಂತೆ ಒಂದೇ ಬಣ್ಣದ ಅಂಗಿ. ಕಡೆಗೆ ಅವನ ನೀರಿನ ವಾಲ್ವು ತಿರುಗಿಸುವ ಕಬ್ಬಿಣದ ಚಾವಿಗೂ ಅವಳು ಒಂದು ಹಸಿರು ಅಂಗಿ ಹೆಣೆದಳು. ಚಳಿಗಾಲದಲ್ಲಿ ಕೈ ಕೊರೆಯಬಾರದಂತೆ. ಓಣಿಯ ತಿರುವಿಗೆ ಬಂದೊಡನೆ ತುಕಾರಾಮ ಅದನ್ನು ಕಳಚಿ ಕಿಸೆಯಲ್ಲಿ ತುರುಕುತ್ತಿದ್ದ. ನೀರಿಗೆ ಕಾದವರು ನಕ್ಕಾರು ಎಂದು ಅವನಿಗೆ ಭಯ.

ಇನ್ನು ಟಾಕಿಯ ವಿಷಯ. ಟಾಕಿಯ ಮೇಲೆ ಏಳು ಫೂಟು ಅಗಲದ ಬಾಯಿ. ಅದರ ತಗಡಿನ ಮುಚ್ಚಳ ಒಂದು ಬಿರುಗಾಳಿಗೆ ಹಾರಿ ಯಾರದೋ ಕಬ್ಬಿನ ಗದ್ದೆಗೆ ಬಿತ್ತು, ಅಲ್ಲಿಂದ ಯಾರದೋ ದನದ ಕೊಟ್ಟಿಗೆಗೆ ಹೋಯಿತು. ಹೊಸ ಮುಚ್ಚಳ ಇನ್ನೂ ಬರಬೇಕಾಗಿದೆ. ಅಂದಿನಿಂದ ಕಾಗೆಗಳು ಒಣರೊಟ್ಟಿ, ಎಲುಬು, ಸತ್ತ ಇಲಿ, ಏನು ಸಿಕ್ಕರೂ ತಂದು ಆ ನೀರಿನಲ್ಲಿ ನೆನೆಹಾಕತೊಡಗಿದವು. ನಲ್ಲಿಯಲ್ಲಿ ಕೋಳಿಯ ಕಾಲು ಬಂದ ದಿನ ಹೆಂಗಸರು ತುಕಾರಾಮನ ಮನೆಗೆ ಮೆರವಣಿಗೆ ಬಂದರು. ಅವನು ಕವಣೆ ಹೊಡೆದ, ಬೆದರುಗೊಂಬೆ ನಿಲ್ಲಿಸಿದ. ಕಾಗೆಗಳು ಬೆದರುಗೊಂಬೆಯ ತಲೆಯ ಮೇಲೆ ಕೂತು ಎಲುಬು ಕುಕ್ಕಿದವು.

ಆಗಲೇ ಶೇವಂತಾ ನಾಲ್ಕು ತಿಂಗಳು ಕೂತು ಬಾಗಿಲಿಗೆಂದು ಒಂದು ಕೆಂಪು ತೋರಣ ಹೆಣೆದಿದ್ದಳು. ಅಂಚಿಗೆಲ್ಲ ಜೋಲುವ ಗೊಂಡೆಗಳು. ತುಕಾರಾಮನಿಗೆ ಥಟ್ಟನೆ ಹೊಳೆಯಿತು. "ಇದನ್ನ ಅಧ್ಯಕ್ಷರ ಕುರ್ಚಿಗೆ ಹಾಕೂಣು, ಆಫೀಸಿಗೆ ಶೋಭಾ ಬರತೈತಿ" ಎಂದು ಅವಳಿಂದ ಇಸಿದುಕೊಂಡು, ನೆಟ್ಟಗೆ ಟಾಕಿ ಏರಿ ಅದರ ಬಾಯಿಯ ಒಂದು ಬದಿಗೆ ಕಟ್ಟಿದ. ಗಾಳಿಗೆ ಕೆಂಪು ಗೊಂಡೆಗಳು ಕುಣಿದವು. ಕಾಗೆಗಳು ಬಲೆಯೋ ಬೆಂಕಿಯೋ ಎಂದು ಕಿರುಚಿಕೊಂಡು ಹೋದವು, ಮತ್ತೆ ಬರಲಿಲ್ಲ. ಆದರೆ ತೋರಣ ಬಿಸಿಲಿಗೆ ಬೆಳ್ಳಗಾದ ಮೇಲೆ ಬಂದವು. ತುಕಾರಾಮ ಮನೆಗೆ ಹೋಗಿ, "ಅಧ್ಯಕ್ಷರಿಗೆ ಭಾಳ ಸೇರೇತಿ. ಇನ್ನೊಂದ ಬೇಕಂತ. ಇಪ್ಪತ್ತೆರಡ ಫೂಟ" ಎಂದ. ಶೇವಂತಾ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಆಗಲಿ ಎಂದಳು. ಹೀಗೆ ಹನ್ನೊಂದು ವರ್ಷ ಹನ್ನೊಂದು ತೋರಣ. ಅವಳನ್ನು ಎಷ್ಟು ಚಂದ ಯಾಮಾರಿಸಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಮೂರನೆಯ ದಿನದ ಬೆಳಿಗ್ಗೆ ತುಕಾರಾಮ ಜನ್ಮದಲ್ಲಿ ಮೊದಲ ಸಲ ಅಡುಗೆಗೆ ನಿಂತ. ಹೆಂಡತಿಯ ತಮ್ಮ ಗಂಗಾರಾಮ ಪಾಲಬಾವಿಯಿಂದ ಬಂದವನು ಎಲ್ಲರ ಎದುರಿಗೆ ಚುಚ್ಚಿದ್ದ: "ದಾಜಿ, ಎಲ್ಲಾರೂ ಒಂದೊಂದ ಮಾಡಿ ತರಾಕತ್ತಾರ. ಅಷ್ಟ ವರ್ಷ ಅಕಿ ಕೈಯಾಗ ಉಂಡೀರಿ, ನೀವೂ ಒಂದ ಮಾಡಿ ಇಡ್ರೆಲ." (ಅಕ್ಕನ ಗಂಡನಿಗೆ ಅಲ್ಲಿ ದಾಜಿ ಎನ್ನುತ್ತಾರೆ. ಗಂಗಾರಾಮನ ಬಾಯಲ್ಲಿ ಅದು ಆರೋಪಿ ಎಂದಂತೆ ಕೇಳಿಸುತ್ತಿತ್ತು.) ಜುಣಕ ಸುಲಭ ಎಂದು ಯಾರೋ ಹೇಳಿದ್ದರು. ಕಡಲೆಹಿಟ್ಟು, ನೀರು, ಒಗ್ಗರಣೆ, ಅಷ್ಟೇ. ಆದರೆ ಒಂದೇ ಅಂಗಿ ತೊಟ್ಟ ಹನ್ನೊಂದು ಡಬ್ಬಿಗಳಲ್ಲಿ ಯಾವುದು ಯಾವುದು? ಸಾಸಿವೆ ಹುಡುಕಿದರೆ ಜೀರಿಗೆ ಸಿಕ್ಕಿತು, ಜೀರಿಗೆ ಹುಡುಕಿದರೆ ಅರಿಶಿನ. ಒಂದೊಂದೇ ಡಬ್ಬಿಯ ಅಂಗಿ ಬಿಚ್ಚಿ ನೋಡಿದ. ನಾಲ್ಕನೆಯದಕ್ಕೆ ಕಣ್ಣು ಮಂಜಾಯಿತು, ಮುಂದಿನವನ್ನು ಅವನು ಬಿಚ್ಚಲಿಲ್ಲ. ಹಿಟ್ಟು ಗಂಟುಗಂಟಾಗಿ ತಳ ಹಿಡಿಯಿತು. ಅದನ್ನೇ ಒಂದು ಡಬ್ಬಿಗೆ ತುಂಬಿಕೊಂಡು ಹೊರಟ.

ಸ್ಮಶಾನದಲ್ಲಿ ಮಗಳು ನೀಲಮ ಎಡೆ ಸಿಂಗರಿಸಿದ್ದಳು. ನಿಪ್ಪಾಣಿಯಲ್ಲಿ ಸಂಸಾರ ಹೂಡಿದವಳು, ತಾಯಿ ಸತ್ತ ದಿನದಿಂದ ಒಂದು ತುತ್ತು ಉಂಡಿರಲಿಲ್ಲ. ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಶಾವಿಗೆ ಪಾಯಸ, ಕಡೆಗೆ ತುಕಾರಾಮನ ಜುಣಕ. ಸುತ್ತಲೂ ನಾಲ್ಕು ಗೂಟ ನೆಟ್ಟು ಟ್ರಂಕಿನಿಂದ ತಂದ ಹೊಸ ತೋರಣ ಕಟ್ಟಿದ್ದಳು. ಕೆಂಪಗೆ, ಇಪ್ಪತ್ತೆರಡು ಫೂಟು. ಹೋದ ವಾರ ಮುಗಿಸಿದ್ದು.

"ಅವ್ವನ ಕೈದ ಕಡೀ ಕೆಲಸಾ ಇದು. ಅಕಿ ಜೀವಕ್ಕ ಮನ್ಯಾಗ ಇದ್ದಂಗ ಆಗ್ಲಿ" ಎಂದು ಅತ್ತಳು. ಹೆಂಗಸರೆಲ್ಲ ಅತ್ತರು. ತುಕಾರಾಮನೂ ಕಣ್ಣೊರೆಸಿಕೊಂಡ. ಆಗ ಅವನ ತಲೆಗೆ ಏನೂ ಹೊಳೆದಿರಲಿಲ್ಲ.

ಕಾಗೆಗಳು ಬಂದವು. ಬೇವಿನ ಮರದಲ್ಲಿ ಒಂದು, ಎರಡು, ಆರು, ಹತ್ತು. ಕೆಳಗೆ ನೋಡಿದವು. ಕೂಗಿದವು. ಕೆಳಗೆ ಮಾತ್ರ ಇಳಿಯಲಿಲ್ಲ. ಅರ್ಧ ತಾಸಾಯಿತು, ಒಂದು ತಾಸಾಯಿತು. ಕಾಗೆ ಮುಟ್ಟುವ ತನಕ ಯಾರೂ ಏಳುವಂತಿಲ್ಲ, ಉಣ್ಣುವಂತಿಲ್ಲ. ಮೂವತ್ತೊಂದು ವರ್ಷ ಊರು ಕೊಡ ಹಿಡಿದು ತುಕಾರಾಮನಿಗೆ ಕಾದಿತ್ತು. ಈಗ ತುಕಾರಾಮ ಕಾಯುತ್ತಿದ್ದ.

ಊರ ಹಿರಿಯ ಸಿದರಾಯ ಕೋಲೂರಿ ಎದ್ದು ನಿಂತ. ಊರಿನ ಪ್ರತಿ ಸಾವಿಗೂ ಮುಂದಾಳು ಅವನೇ. "ಅಕಿ ಮನಸಿನ್ಯಾಗ ಏನೋ ಉಳದೈತಿ. ಒಬ್ಬೊಬ್ಬರ ಬಂದು ಮಾತ ಕೊಡ್ರಿ" ಎಂದ.

ನೀಲಮ ಮುಂದೆ ಬಂದು ಕೈಮುಗಿದಳು. "ಅವ್ವಾ, ಅಪ್ಪನ್ನ ನಾ ನೋಡ್ಕೋತೀನಿ. ನೀ ಚಿಂತಿ ಮಾಡಬ್ಯಾಡ."

ಕೆಳಕೊಂಬೆಯಲ್ಲಿದ್ದ ಕಾಗೆ ಹಿಂದಕ್ಕೆ ತಿರುಗಿ ಕೂತಿತು. ತುಕಾರಾಮನಿಗೆ ಸ್ವಲ್ಪ ಬೇಜಾರಾಯಿತು.

ಗಂಗಾರಾಮ ಬಂದ. "ಅಕ್ಕಾ, ದಾಜಿ ಜೋಡಿ ಇನ್ನ ಮುಂದ ನಾ ಜಗಳಾ ಆಡೂದಿಲ್ಲ." ಕಾಗೆ ಎದ್ದು ಇನ್ನೂ ದೂರದ ಮರಕ್ಕೆ ಹೋಯಿತು. ಅಷ್ಟು ದೊಡ್ಡ ಸುಳ್ಳನ್ನು ಕಾಗೆಯಾದರೂ ಹೇಗೆ ನುಂಗೀತು?

"ನಾ ತಂಬಾಕ ಬಿಡತೀನಿ" ಎಂದ ತುಕಾರಾಮ. ಕಾಗೆ ಕೂಗಲೂ ಇಲ್ಲ. ಅವನ ಕಿಸೆಯಲ್ಲಿ ತಂಬಾಕಿನ ಚೀಲ ಉಬ್ಬಿದ್ದು ಎಲ್ಲರಿಗೂ ಕಾಣುತ್ತಿತ್ತು.

"ಅಕಿಗೆ ಸೇರೂದು ಇಟ್ಟೀರಿಲ್ಲೋ?" ಸಿದರಾಯ ಕೇಳಿದ. "ಏನ ಸೇರತಿತ್ತು ಅಕಿಗೆ?"

"ಶೇಂಗಾ ಹೋಳಿಗಿ" ಎಂದಳು ನೀಲಮ.

"ಅದ ನಿನಗ ಸೇರತೈತಿ" ಎಂದ ಗಂಗಾರಾಮ. "ಅಕ್ಕಗ ಪುಂಡಿಪಲ್ಲೆ ಅಂದ್ರ ಜೀವಾ."

"ಮಾಮಾ, ಅದು ನೀ ಬಂದಾಗ ಅಷ್ಟ ಮಾಡತಿದ್ಳು. ನಿನಗ ಸೇರತೈತಿ ಅಂತ."

ಹೋಳಿಗೆಯಿಂದ ಪಾಯಸದ ತನಕ ಎಡೆಯ ಒಂದೊಂದು ಪದಾರ್ಥಕ್ಕೂ ಅಲ್ಲೇ ಕೂತ ಒಬ್ಬೊಬ್ಬ ಧಣಿ ಸಿಕ್ಕ. ಎಣ್ಣೆಗಾಯಿ ತುಕಾರಾಮನದೇ ಆಗಿತ್ತು. ಅರವತ್ತು ಮಂದಿಯೂ ಅವನ ಕಡೆ ತಿರುಗಿದರು. ಗಂಡನಿಗಾದರೂ ಗೊತ್ತಿರಬೇಕಲ್ಲ?

ತುಕಾರಾಮ ಬಾಯಿ ತೆರೆದ. ಊರಿನ ಯಾವ ಓಣಿಯ ಯಾವ ನಲ್ಲಿ ಎಷ್ಟು ಹೊತ್ತಿಗೆ ಬತ್ತುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನಿಗೆ ಇದು ಗೊತ್ತಿರಲಿಲ್ಲ. ಅವಳು ಉಣ್ಣುವುದನ್ನು ಅವನು ನೋಡಿಯೇ ಇರಲಿಲ್ಲ. ಅವಳು ಕೂಡುವ ಹೊತ್ತಿಗೆ ಅವನು ಕೈತೊಳೆದು ಎದ್ದಿರುತ್ತಿದ್ದ.

"ಎಲ್ಲಾ ತಿಂತಿದ್ಳು" ಎಂದ.

"ಎಲ್ಲಾ ಎತ್ತ ತಿಂತೈತಿ" ಎಂದ ಸಿದರಾಯ.

ಜೀವನವಿಡೀ ಎಲ್ಲರಿಗೂ ಉಣಿಸಿದವಳು ಇವತ್ತು ಹಸಿದುಕೊಂಡೇ ಹೋಗುತ್ತಾಳಲ್ಲ ಎಂದು ತುಕಾರಾಮನಿಗೆ ಅಳು ಬಂತು. ಅಷ್ಟರ ತನಕ ಅವನಿಗಿದ್ದದ್ದು ಊರು ತನ್ನನ್ನು ದೂರೀತೆಂಬ ಅಂಜಿಕೆ ಮಾತ್ರ.

ಆಗ ಒಂದು ಮುದಿ ಕಾಗೆ ಕೆಳಗಿಳಿಯಿತು. ಎಲ್ಲರೂ ಉಸಿರು ಹಿಡಿದರು. ಅದು ಅಡ್ಡಡ್ಡ ಕುಪ್ಪಳಿಸುತ್ತ ಎಡೆಯ ಹತ್ತಿರ ಬಂತು. ಹೋಳಿಗೆಯ ಕಡೆ ಕತ್ತು ಚಾಚಿತು. ಅಷ್ಟರಲ್ಲಿ ಗಾಳಿ ಬೀಸಿ ತೋರಣದ ಕೆಂಪು ಗೊಂಡೆಗಳು ಕುಣಿದವು. ಕಾಗೆ ಒಂದು ಮಾರು ಮೇಲೆ ಹಾರಿ, ಕಿರುಚಿ, ಮರ ಸೇರಿತು. ಮರದ ಕಾಗೆಗಳೆಲ್ಲ ಒಟ್ಟಿಗೆ ಬೊಬ್ಬೆ ಹಾಕಿದವು.

ಆ ಬೊಬ್ಬೆ ತುಕಾರಾಮನಿಗೆ ಚೆನ್ನಾಗಿ ಗೊತ್ತಿತ್ತು. ಟಾಕಿಯ ಮೇಲೆ ಹನ್ನೊಂದು ವರ್ಷ ಕೇಳಿದ್ದೇ ಅದು. ಅವಳ ಎಡೆಯಿಂದ ಕಾಗೆಗಳನ್ನು ಓಡಿಸುತ್ತಿದ್ದದ್ದು ಅವಳದೇ ತೋರಣ. ಓಡಲು ಕಲಿಸಿದವನು ಅವನು.

ಎದ್ದು ಮೆಲ್ಲಗೆ ಮಗಳ ಹತ್ತಿರ ಹೋದ. "ನೀಲಮ, ಆ ತೋರಣಾ ತಗಿಯವ್ವಾ."

"ಯಾಕ?"

"ಮಣ್ಣ ಹತ್ತತೈತಿ."

"ಸತ್ತ ಮ್ಯಾಲೂ ಅವ್ವನ ಕೈಕೆಲಸಾ ನಿನ್ನ ಕಣ್ಣಿಗೆ ಚುಚ್ಚತೈತೇನಪ್ಪಾ?" ನೀಲಮ ಕೂಗಿಯೇ ಬಿಟ್ಟಳು.

ತುಕಾರಾಮ ಗೂಟಕ್ಕೆ ಕೈ ಹಾಕಿದ. ಗಂಗಾರಾಮ ಅಡ್ಡ ನಿಂತ. "ಮುಟ್ರಿ ನೋಡೂಣು! ಜಗಳಾ ಆಡೂದಿಲ್ಲ ಅಂತ ಈಗ ಮಾತ ಕೊಟ್ಟೀನಿ, ಆದ್ರೂ ಆಡತೀನಿ."

"ಸಾಕ" ಎಂದ ಸಿದರಾಯ. "ಹೊತ್ತ ಏರೈತಿ. ಕಾಗಿ ಮುಟ್ಟೂದಿಲ್ಲ. ಆಕಳ ತರಸ್ರಿ, ಅದಕ್ಕ ತಿನಸೂಣು."

ಆಕಳಿಗೆ ತಿನ್ನಿಸಿದರೆ ಶಾಸ್ತ್ರ ಮುಗಿಯುತ್ತದೆ, ಸಂಕಟ ಮುಗಿಯುವುದಿಲ್ಲ. ಶೇವಂತಾ ನೊಂದುಕೊಂಡು ಹೋದಳು ಎಂದು ನೀಲಮ ಸಾಯುವ ತನಕ ನಂಬುತ್ತಾಳೆ. ತುಕಾರಾಮ ಬೂದಿಯ ಕಡೆ ನೋಡಿದ.

"ಆಕಳ ಬ್ಯಾಡ ಕಾಕಾ" ಎಂದ. ವಾಲ್ವು ತಿರುಗಿದಂತೆ ಒಮ್ಮೆಲೇ ಎಲ್ಲ ಹೊರಗೆ ಬಂತು. "ಕಾಗಿಗೋಳು ಈ ತೋರಣಕ್ಕ ಅಂಜಾಕತ್ತಾವ. ಕುರ್ಚಿನೂ ಇಲ್ಲ, ಅಧ್ಯಕ್ಷನೂ ಇಲ್ಲ, ಎಲ್ಲಾ ಸುಳ್ಳ. ಅಕಿ ಹೆಣೆದದ್ದನ್ನೆಲ್ಲಾ ನಾ ಟಾಕಿ ಮ್ಯಾಲೆ ಕಾಗಿ ಓಡಸಾಕ ಕಟ್ಟೀನಿ. ಹನ್ನೊಂದ ವರ್ಷ."

ಸ್ಮಶಾನ ನಿಶ್ಶಬ್ದವಾಯಿತು. (ಸ್ಮಶಾನ ಅಂದರೆ ಹಾಗೇ ಇರಬೇಕು, ಆದರೆ ಬೆಳಗಿನಿಂದ ಇರಲಿಲ್ಲ.) ಮೊದಲು ಬಾಯಿ ಬಿಟ್ಟವನು ಸಿದರಾಯ. "ಅಯ್ಯೋ ನಿನ್ನ! ಟಾಕಿ ಮ್ಯಾಲಿನ ಕೆಂಪು ಕೊಕಟನೂರ ಎಲ್ಲವ್ವನ ಹರಕಿ ಅಂದ್ಕೊಂಡ ನಾ ದಿನಾ ಕೈ ಮುಗೀತಿದ್ನೆಲೋ!"

ಗಂಗಾರಾಮ ಹೊಡೆಯುತ್ತಾನೆಂದು ತುಕಾರಾಮ ಕಣ್ಣು ಮುಚ್ಚಿದ. ಪೆಟ್ಟು ಬೀಳಲಿಲ್ಲ. ಕಣ್ಣು ತೆರೆದರೆ ಗಂಗಾರಾಮ ತಲೆ ಹಿಡಿದುಕೊಂಡು ಕೂತಿದ್ದ, ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆಯೇ, ನಗುತ್ತಿದ್ದಾನೆಯೇ ತಿಳಿಯುವಂತಿರಲಿಲ್ಲ.

"ದಾಜಿ, ವರ್ಷಾ ವರ್ಷಾ ಉಲ್ಲನ್ ತಂದ ಕೊಡತಿದ್ದಾಂವ ನಾನ. 'ಕೆಂಪನ್ನ ತಾರೋ, ಗಟ್ಟಿ ಬಣ್ಣದ್ದ ತಾ, ಮಳ್ಯಾಗ ನೆಂದ್ರೂ ಬಿಡಬಾರದು' ಅಂತಿದ್ಳು. ಆಫೀಸಿನ್ಯಾಗ ಮಳಿ ಹೆಂಗ ಬರತೈತಿ ಅಕ್ಕಾ ಅಂದೆ. 'ನಿಮ್ಮ ದಾಜಿ ಹೇಳೂ ಕುರ್ಚಿ ಇಪ್ಪತ್ತೆರಡ ಫೂಟ ಐತೋ ಗಂಗ್ಯಾ. ಅಷ್ಟ ದೊಡ್ಡ ಕುರ್ಚಿ ಇದ್ದಲ್ಲಿ ಮಳಿನೂ ಬರತೈತಿ' ಅಂದು ಬಿದ್ದ ಬಿದ್ದ ನಕ್ಳು. ನನಗ ಆಗ ತಿಳೀಲಿಲ್ಲ."

ತುಕಾರಾಮ ಊರಿನ ಕಡೆ ತಿರುಗಿದ. ಸ್ಮಶಾನದಿಂದಲೂ ಟಾಕಿ ಕಾಣುತ್ತಿತ್ತು. ಊರಿನಲ್ಲಿ ಅದಕ್ಕಿಂತ ಎತ್ತರದ್ದು ಬೇರೆ ಇಲ್ಲ. ಹೋದ ವರ್ಷದ ತೋರಣ ಬಣ್ಣಗೆಟ್ಟು ಅದರ ಕತ್ತಿಗೆ ನೇತಾಡುತ್ತಿತ್ತು. ಶೇವಂತಾ ಬೇಸಿಗೆಯಿಡೀ ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ ಒಣಹಾಕುತ್ತಿದ್ದಳು. ಅವಳಿಗೂ ಎರಡು ಕಣ್ಣಿವೆ ಎಂಬುದು ಹನ್ನೊಂದು ವರ್ಷ ಅವನಿಗೆ ಹೊಳೆದಿರಲಿಲ್ಲ. ಎಲ್ಲ ಗೊತ್ತಿದ್ದೂ ಅವಳು ಹೆಣೆದಿದ್ದಳು, ಮಳೆಗೆ ಬಿಡದ ಬಣ್ಣ ನೋಡಿ, ಅವನ ಟಾಕಿಗೆ. ಯಾಮಾರಿದವನು ಯಾರು ಎಂದು ಅವನಿಗೆ ಈಗ ತಿಳಿಯಿತು. ಹೇಳಿ ನಗೋಣವೆಂದರೆ ಅವಳೇ ಇಲ್ಲ.

ನೀಲಮ ನಾಲ್ಕು ಗೂಟದಿಂದಲೂ ತೋರಣ ಬಿಚ್ಚಿ, ಸುತ್ತಿ, ತಂದೆಯ ತೊಡೆಯ ಮೇಲೆ ಇಟ್ಟಳು. ಅವನು ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ.

ಐದು ನಿಮಿಷವೂ ಆಗಿರಲಿಕ್ಕಿಲ್ಲ, ಮುದಿ ಕಾಗೆ ಮತ್ತೆ ಇಳಿಯಿತು. ಹೋಳಿಗೆಯ ಮುಂದೆ ಬಂತು, ದಾಟಿತು. ಪುಂಡಿಪಲ್ಯ ದಾಟಿತು. ಎಣ್ಣೆಗಾಯಿಯನ್ನು ನೋಡಲೂ ಇಲ್ಲ. ತುದಿಯಲ್ಲಿದ್ದ ತುಕಾರಾಮನ ಗಂಟುಗಂಟಾದ ಜುಣಕದ ಮುಂದೆ ನಿಂತು ಒಂದೇ ಒಂದು ಸಲ ಕುಕ್ಕಿತು.

"ಮುಟ್ಟೇತಿ!" ಎಂದು ಅರವತ್ತು ಬಾಯಿ ಒಟ್ಟಿಗೆ ಕೂಗಿದವು. ಹೆಂಗಸರು ಗೊಳೋ ಎಂದರು. ಗಂಗಾರಾಮ ದಾಜಿಯನ್ನು ತಬ್ಬಿಕೊಂಡ. "ಪುಣ್ಯವಂತ ಅದಿಯಲೇ, ನಿಂದನ್ನ ಮೊದಲ ಮುಟ್ಟಿತು" ಎಂದ ಸಿದರಾಯ.

ಆ ಗದ್ದಲದಲ್ಲಿ ಮುಂದಿನದನ್ನು ನೋಡಿದವನು ತುಕಾರಾಮ ಒಬ್ಬನೇ. ಕಾಗೆ ಕುಕ್ಕಿದ್ದನ್ನು ನುಂಗಲಿಲ್ಲ. ಕತ್ತು ಓರೆ ಮಾಡಿ ಅವನ ಕಡೆ ನೋಡಿತು. ಕೊಕ್ಕನ್ನು ಕಲ್ಲಿಗೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಒರೆಸಿಕೊಂಡಿತು. ಆಮೇಲೆ ಹೋಳಿಗೆಯ ಹತ್ತಿರ ಹೋಗಿ ನೆಮ್ಮದಿಯಿಂದ ತಿನ್ನತೊಡಗಿತು.

ಜನ ಎದ್ದು ಊರಿನ ದಾರಿ ಹಿಡಿದರು. ತುಕಾರಾಮ ಖಾಲಿ ಡಬ್ಬಿ ಎತ್ತಿಕೊಂಡು ಹಿಂದೆ ಉಳಿದ. ಡಬ್ಬಿಯ ತಳಕ್ಕೆ ಹತ್ತಿದ ಜುಣಕವನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡ. ಉಪ್ಪು ಕಡಿಮೆಯಾಗಿರಲಿಲ್ಲ. ಉಪ್ಪನ್ನು ಹಾಕಿಯೇ ಇರಲಿಲ್ಲ. ಬೆಳಿಗ್ಗೆ ಉಪ್ಪಿನ ಡಬ್ಬಿಯ ಅಂಗಿ ಬಿಚ್ಚುವ ಮೊದಲೇ ಅವನು ಅಳತೊಡಗಿದ್ದ.

ಮುಂದೆ ಹೋಗುತ್ತಿದ್ದ ನೀಲಮ ತಿರುಗಿ ನಿಂತಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಥೇಟ್ ತಾಯಿಯ ಹಾಗೇ ಕೇಳಿದಳು: "ಹೆಂಗಾಗಿತ್ತಪ್ಪಾ ನಿನ್ನ ಜುಣಕಾ?"

"ಚಲೋ ಆಗಿತ್ತವ್ವಾ" ಎಂದ ತುಕಾರಾಮ.

ಮೂವತ್ತನಾಲ್ಕು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಕೇಳಬೇಕಾದವಳು ಇರಲಿಲ್ಲ, ಅದು ಅವಳ ಅಡುಗೆಯೂ ಆಗಿರಲಿಲ್ಲ.